ಮೆಟ್ಟುಕತ್ತಿ ಅಡಗಿಸಿ ಒಯ್ಯಲು ಅನುಮತಿ

ಸೌದಿಯ ಜುಬೈಲಿನಲ್ಲಿ ಪೈಪು ಬೆಸೆಯುವ ನಮ್ಮ ಕಂಪನಿಯ ಕ್ಯಾಂಪಿನೊಳಗೆ ಆಯುಧ ಇಟ್ಟುಕೊಂಡು ಓಡಾಡಲು ಅನುಮತಿ ಪಡೆದ ಮೊದಲ ವ್ಯಕ್ತಿ ಉಪ್ಪಿನಂಗಡಿಯ ಅಬ್ದುಲ್ ಜಲೀಲ್, ನಮಗೆಲ್ಲ ಜಲೀಲಾಕ, ಅಡುಗೆಯವರು. ಕ್ಯಾಂಪಿನ ವಾಸಿಯೇ ಅಲ್ಲದವರಿಗೆ ಇದು ಹೇಗೆ ಸಿಕ್ಕಿತು ಎಂಬ ಬಗ್ಗೆ ಬೇರೆ ಕ್ಯಾಂಪುಗಳಲ್ಲಿ ಇಲ್ಲಸಲ್ಲದ ಸುದ್ದಿ ಹಬ್ಬಿರುವುದರಿಂದ ನಡೆದದ್ದನ್ನು ನಡೆದ ಹಾಗೆ ಇಲ್ಲಿ ತಿಳಿಸಲಾಗಿದೆ.

ಆಯುಧ ಎಂದರೆ ಮೆಟ್ಟುಕತ್ತಿ. ಒಂದು ಮಣೆ, ಅದರ ತುದಿಯಿಂದ ಮೇಲಕ್ಕೆ ಬಾಗಿ ನಿಂತ ಅಲಗು, ಅಲಗಿನ ಮೂತಿಯಲ್ಲಿ ಕಾಯಿ ತುರಿಯುವ ಹಲ್ಲು. ನಮ್ಮ ಕರಾವಳಿಯಲ್ಲಿ ಇದನ್ನು ಯಾರೂ ಆಯುಧ ಎಂದು ಕರೆದದ್ದಿಲ್ಲ. ಅಮ್ಮಂದಿರು ಇದರ ಮೇಲೆ ಕೂತು ಒಂದು ಕೈಯಲ್ಲಿ ಮೀನು ಕೊಯ್ಯುತ್ತ ಇನ್ನೊಂದು ಕೈಯಲ್ಲಿ ಮಕ್ಕಳಿಗೆ ಹೊಡೆಯುತ್ತಾರೆ. ಜಲೀಲಾಕನ ಮೆಟ್ಟುಕತ್ತಿಯನ್ನು ಅವರ ಹೆಂಡತಿ ಹಲೀಮತ್ ಊರಿನಿಂದ ಅಕ್ಕಿಯ ಗೋಣಿಯಲ್ಲಿ ಕಟ್ಟಿ ಕಳಿಸಿದ್ದು.

ಜಲೀಲಾಕ ಇದ್ದದ್ದು ಪೇಟೆಯಲ್ಲಿ, ಭಟ್ಕಳದ ಅಬ್ದುಲ್ ಹಕೀಮ್ ಸಾಹೇಬರ ಕ್ಯಾಟರಿಂಗಿನ ಕೋಣೆಯಲ್ಲಿ. ಪ್ರತಿ ಶುಕ್ರವಾರ ನಾನು ಕಂಪನಿಯ ಪಿಕಪ್‌ನಲ್ಲಿ ಅವರನ್ನೂ ಮೀನನ್ನೂ ಮೆಟ್ಟುಕತ್ತಿಯನ್ನೂ ಕ್ಯಾಂಪಿಗೆ ತರುತ್ತಿದ್ದೆ. ಅಲ್ಲಿ ನಮ್ಮ ಕಡೆಯವರು ಸೇರಿ ಒಂದು ಮೆಸ್ ಮಾಡಿಕೊಂಡಿದ್ದೆವು. ಕ್ಯಾಂಪಿನ ನಿಯಮದ ಪ್ರಕಾರ ಹೊರಗೆ ಯಾರದೋ ಕೋಣೆಯಲ್ಲಿ ಕೊಯ್ದ ಮೀನು ಒಳಗೆ ಬರುವಂತಿಲ್ಲ. ಒಂದೋ ಇಡೀ ಮೀನು ಬರಬೇಕು, ಇಲ್ಲವೇ ಬಿಲ್ಲು ಕೊಡುವ ದೊಡ್ಡ ಅಂಗಡಿಯಲ್ಲೇ ಕೊಯ್ಯಿಸಿ ತರಬೇಕು. ದೊಡ್ಡ ಅಂಗಡಿಯವರು ಬಂಗುಡೆಯ ತಲೆ ತೆಗೆದು ಬಿಸಾಡಿ ಉಳಿದದ್ದನ್ನು ಗರಗಸದಲ್ಲಿ ಮರದ ಹಾಗೆ ತುಂಡು ಮಾಡಿ ಕೊಡುತ್ತಾರೆ. ವೆಲ್ಡರ್ ಆಶಿಕ್ ಇದರ ಬಗ್ಗೆ ಮೆಸ್ಸಿನ ಮೊದಲ ಸಭೆಯಲ್ಲಿಯೇ ನಿಲುವು ಸ್ಪಷ್ಟಪಡಿಸಿದ್ದ. ತಲೆ ಇಲ್ಲದ ಮೀನು ತಿನ್ನುವುದಕ್ಕಿಂತ ಕ್ಯಾಂಟೀನಿನ ದಾಲ್ ಕುಡಿದು ಸಾಯುವುದು ಮರ್ಯಾದೆ ಎಂದು.

ಹಾಗಾಗಿ ಮೆಟ್ಟುಕತ್ತಿ ಇದ್ದರೆ ಮೆಸ್ಸು, ಮೆಸ್ಸು ಇದ್ದರೆ ಜಲೀಲಾಕ. ಅವರ ಇಕಾಮಾ, ಎಂದರೆ ಇಲ್ಲಿ ಇದ್ದು ದುಡಿಯುವ ಪರವಾನಗಿ, ನವೀಕರಣಕ್ಕೆ ಬಂದಿತ್ತು. ಹಕೀಮ್ ಸಾಹೇಬರು ಕರೆದು, ಕೂರಿಸಿ, ಸುಲೈಮಾನಿ ಚಹಾ ಕೊಟ್ಟು, ಕ್ಯಾಂಪಿನ ಮೆಸ್ ನಡೆದರೆ ನೀನು ಇರುತ್ತಿ, ನಿಂತರೆ ನಿನ್ನನ್ನು ಎಕ್ಸಿಟ್‌ನಲ್ಲಿ ಊರಿಗೆ ಕಳಿಸಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ ಎಂದಿದ್ದರು. ಜಲೀಲಾಕ ಬೇಜಾರು ಮಾಡಿಕೊಳ್ಳಲಿಲ್ಲ. ಊರಿನಲ್ಲಿ ಮಗಳು ಜುವೈರಿಯಾ ನರ್ಸಿಂಗ್ ಕಲಿಯುತ್ತಿದ್ದಳು. ಅವಳ ಓದು ಮುಗಿಯುವ ತನಕ ಬೇಜಾರು ಮಾಡಿಕೊಳ್ಳುವ ಸೌಕರ್ಯ ಅವರಿಗೆ ಇರಲಿಲ್ಲ.

ಅಷ್ಟರಲ್ಲಿ ಹೊರದೇಶದಿಂದ ಒಬ್ಬ ಆಡಿಟರ್ ಬಂದ. ಕ್ಯಾಂಪಿನ ಗೇಟಿನಲ್ಲಿ ಅವನ ಕಣ್ಣು ಜಲೀಲಾಕನ ಹೆಗಲ ಮೇಲಿನ ಮೆಟ್ಟುಕತ್ತಿಗೆ ಬಿತ್ತು. ಇದೇನು ಎಂದು ಕೇಳಿದ. ಗೇಟಿನ ಕಾವಲುಗಾರ ಉಸಾಮಾ ಸತ್ಯವಂತ. ಕೂತುಕೊಳ್ಳುವ ವಸ್ತು ಎಂದ. ಕೂತು ತೋರಿಸು ಎಂದು ಆಡಿಟರ್ ಹೇಳಿದ. ಜಲೀಲಾಕ ಮಣೆ ಕೆಳಗಿಟ್ಟು, ಪಂಚೆ ಒಟ್ಟುಮಾಡಿ, ಅಲಗಿಗೆ ಎದೆಕೊಟ್ಟು ಕೂತು ತೋರಿಸಿದರು. ಆಡಿಟರ್ ಹಿಂದೆ ಹಿಂದೆ ಹೋಗಿ ಕಾರಿನಲ್ಲಿ ಕೂತ. ಅವನ ವರದಿಯಲ್ಲಿ ಕ್ಯಾಂಪಿನ ಗಟಾರದ ವಿಷಯ ಇರಲಿಲ್ಲ, ಕೆಟ್ಟ ಎಸಿಗಳ ವಿಷಯವೂ ಇರಲಿಲ್ಲ. ಆಯುಧವನ್ನು ಎಲ್ಲರಿಗೂ ಕಾಣುವ ಹಾಗೆ ಒಯ್ಯಲಾಗುತ್ತಿದೆ ಎಂದು ಇತ್ತು.

ಸುರಕ್ಷತಾ ಅಧಿಕಾರಿ ಹಿತೇಶ್ ಸೂರತ್ತಿನವರು, ಶಿಸ್ತಿನ ಮನುಷ್ಯ. ವರದಿಯಲ್ಲಿ ತಪ್ಪು ಎಂದು ಹೇಳಿದ್ದು ಯಾವುದನ್ನು ಎಂಬುದನ್ನು ಅವರು ಸರಿಯಾಗಿ ಹಿಡಿದರು. ಆಯುಧ ತಪ್ಪಲ್ಲ, ಕಾಣುವುದು ತಪ್ಪು. ಮರುದಿನವೇ ಕ್ಯಾಂಟೀನಿನ ಬಾಗಿಲಿಗೆ ಪ್ರಕಟಣೆ ಬಿತ್ತು:

“ಸಮಸ್ತರ ಗಮನಕ್ಕೆ. ಹರಿತವಾದ ಯಾವುದೇ ಆಯುಧವನ್ನು ಅನ್ಯರ ಕಣ್ಣಿಗೆ ಬೀಳುವಂತೆ ಒಯ್ಯತಕ್ಕದ್ದಲ್ಲ. ಕಣ್ಣಿಗೆ ಬೀಳದಂತೆ ಒಯ್ಯಲು ಇಚ್ಛಿಸುವವರು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಅನುಮತಿ ಇಲ್ಲದೆ ಒಯ್ದು ಯಾರ ಕಣ್ಣಿಗೂ ಬೀಳದೆ ಹೋದವರನ್ನು ಗುರುತಿಸಿ ಕ್ರಮ ಕೈಗೊಳ್ಳಲಾಗುವುದು.”

ಅರ್ಜಿಯ ನಮೂನೆಯನ್ನು ಹಿತೇಶ್ ಸ್ವತಃ ಬರೆಯಲಿಲ್ಲ. ಅಮೆರಿಕದ ಯಾವುದೋ ರಾಜ್ಯದಲ್ಲಿ ಹೊರಗಿನವರು ಪಿಸ್ತೂಲನ್ನು ಅಂಗಿಯೊಳಗೆ ಅಡಗಿಸಿಕೊಂಡು ಓಡಾಡಲು ಕೊಡುವ ಅರ್ಜಿ ಇಂಟರ್ನೆಟ್ಟಿನಲ್ಲಿ ಸಿದ್ಧವಾಗಿ ಸಿಕ್ಕಿತು. ಜಲೀಲಾಕ ಕ್ಯಾಂಪಿಗೆ ಹೊರಗಿನವರು. ಅವರ ಹತ್ತಿರ ಇದ್ದದ್ದನ್ನು ಅಡಗಿಸಬೇಕಿತ್ತು. ಪಿಸ್ತೂಲು ಎಂಬುದೊಂದನ್ನು ಬಿಟ್ಟರೆ ಎಲ್ಲವೂ ಹೇಳಿ ಮಾಡಿಸಿದ ಹಾಗಿತ್ತು.

ಅರ್ಜಿ ತುಂಬಲು ಜಲೀಲಾಕನ ಜೊತೆ ನಾನೂ ಆಶಿಕನೂ ಹೋದೆವು. ಆಯುಧ ಯಾವ ಕಂಪನಿಯದ್ದು ಎಂಬಲ್ಲಿ ಉಪ್ಪಿನಂಗಡಿ ಸಂತೆ ಎಂದು ಬರೆಸಿದೆವು. ಗುಂಡು ತುಂಬಿದೆಯೋ ಎಂಬಲ್ಲಿ ಇಲ್ಲ, ಆದರೆ ತೆಂಗಿನಕಾಯಿ ತುರಿಯಬಹುದು ಎಂದು. ತಾನಾಗಿ ಸಿಡಿಯದಂತೆ ತಡೆ ಏನಿದೆ ಎಂದು ಹಿತೇಶ್ ಕೇಳಿದಾಗ ಜಲೀಲಾಕ ಯೋಚಿಸಿ, ನಾನೇ, ನಾನು ಮೇಲೆ ಕೂತರೆ ಅದು ಅಲ್ಲಾಡುವುದಿಲ್ಲ ಎಂದರು. ಹಿತೇಶ್ ಅದನ್ನು ಮೆಚ್ಚಿ ಬರೆದುಕೊಂಡರು. ತೊಂದರೆ ಬಂದದ್ದು ಉದ್ದೇಶದ ಕಾಲಂನಲ್ಲಿ.

“ಉದ್ದೇಶ?”

“ಮೀನು ಸಾರ್.”

“ಮೀನು ಅಂತ ಇಲ್ಲ. ಬೇಟೆ, ಆಟ, ಆತ್ಮರಕ್ಷಣೆ. ಮೂರರಲ್ಲಿ ಒಂದು.”

ಬೇಟೆ ಎಂದು ಹಾಕಿ ಎಂದೆ ನಾನು. ಬೇಟೆಯ ಪ್ರಾಣಿ ಜೀವಂತ ಇರಬೇಕು, ಐಸಿನಲ್ಲಿದ್ದದ್ದನ್ನು ಬೇಟೆ ಎಂದು ಸಹಿ ಹಾಕಿದರೆ ನನ್ನ ಕೆಲಸ ಹೋಗುತ್ತದೆ ಎಂದರು ಹಿತೇಶ್. ಕೊನೆಗೆ ಆತ್ಮರಕ್ಷಣೆ ಎಂದಾಯಿತು.

“ಯಾರಿಂದ ರಕ್ಷಣೆ?”

“ನಮ್ಮಿಂದ,” ಎಂದ ಆಶಿಕ್. “ಶುಕ್ರವಾರ ಮೀನು ಕೊಡದಿದ್ದರೆ ಇವರನ್ನು ನಾವು ಬಿಡುವುದುಂಟಾ?”

ಹಿತೇಶ್ ತೃಪ್ತರಾದರು.

ಮುಂದಿನದು ಗುರಿಪರೀಕ್ಷೆ. ಅರ್ಜಿದಾರನು ನಿಗದಿತ ದೂರದಲ್ಲಿ ನಿಂತು ತನ್ನ ಆಯುಧದಿಂದ ಗುರಿ ಹೊಡೆಯಬೇಕು. ಕ್ಯಾಂಪಿನ ಹಿಂದಿನ ಬಯಲಿನಲ್ಲಿ ಪೈಪಿನ ಮೇಲೆ ಒಂದು ಬಂಗುಡೆ ಇಟ್ಟರು. ಜಲೀಲಾಕ ವಿನಯದಿಂದ, ಮೆಟ್ಟುಕತ್ತಿ ಮೀನಿನ ಹತ್ತಿರ ಹೋಗುವ ಕ್ರಮ ಇಲ್ಲ, ಮೀನು ಅದರ ಹತ್ತಿರ ಬರುವುದು ಎಂದರು. ಸರಿ, ನಿಮ್ಮ ಕ್ರಮದಲ್ಲೇ ಮಾಡಿ ಎಂದಾಯಿತು. ಅವರು ಮರಳಿನಲ್ಲಿ ಮಣೆ ಹಾಕಿ ಕೂತರು. ಉಸಾಮಾ ಮೀನನ್ನು ತಂದುಕೊಟ್ಟ. ಅಲಗು ಇದ್ದಲ್ಲೇ ಇತ್ತು. ಜಲೀಲಾಕ ಮೀನನ್ನು ಅದರ ಮೇಲೆ ಒಮ್ಮೆ ಆಚೆ ಒಮ್ಮೆ ಈಚೆ ತಂದರು, ಹೊಟ್ಟೆ ಬಿಚ್ಚಿತು, ಕಿವಿರು ಬಂತು, ತಲೆ ತಲೆಯ ಹಾಗೇ ಉಳಿಯಿತು. ಹಿತೇಶ್ ಬರೆದ ವರದಿ ಈಗಲೂ ಕಚೇರಿಯಲ್ಲಿದೆ: “ಆಯುಧವು ಪೂರ್ತಿ ಸಮಯ ನಿಶ್ಚಲವಾಗಿತ್ತು. ಗುರಿಯೇ ಮುನ್ನುಗ್ಗಿ ಆಯುಧದ ಮೇಲೆ ಬಿದ್ದಿದೆ. ಆತ್ಮರಕ್ಷಣೆ ಸಾಬೀತಾಗಿದೆ.”

ಅಡಗಿಸುವ ಪರೀಕ್ಷೆ ಇಷ್ಟು ಸುಲಭ ಇರಲಿಲ್ಲ. ಮೆಟ್ಟುಕತ್ತಿ ಅಂಗಿಯೊಳಗೆ ಹಿಡಿಯುವ ವಸ್ತುವಲ್ಲ. ಹಕೀಮ್ ಸಾಹೇಬರು ಧಾರಾಳಿಯಾಗಿ ಅರಬರು ಹಾಕುವ ಉದ್ದ ನಿಲುವಂಗಿ, ತಮ್ಮ ದೊಡ್ಡ ಅಳತೆಯ ಹಳೆಯ ತೋಬ್ ಒಂದನ್ನು ಕೊಟ್ಟರು. ಅದರೊಳಗೆ ಮಣೆಯನ್ನು ಬೆನ್ನಿಗೆ ಕಟ್ಟಿ, ಅಲಗಿಗೆ ಟವೆಲ್ ಸುತ್ತಿ, ಜಲೀಲಾಕ ಗೇಟಿಗೆ ನಡೆದರು. ಗೂನು ಬೆನ್ನು, ಕತ್ತಿನ ಹಿಂದೆ ಬಟ್ಟೆಯೊಳಗಿಂದ ಏನೋ ಒಂದು ಇಣುಕುವ ಹಾಗೆ. ಉಸಾಮಾ ಮರ್ಯಾದಸ್ಥ. ಮೊದಲು ಸಲಾಂ ಹೇಳಿ, ಆಮೇಲೆ ಬೆನ್ನಿಗೆ ಏನಾಯಿತು ಎಂದು ಮೆಲ್ಲ ವಿಚಾರಿಸಿದ.

ಇಲ್ಲಿ ನಿಯಮದ ತೊಡಕು ಎದುರಾಯಿತು. ಕಾವಲುಗಾರ ಆಯುಧವನ್ನು ಕಂಡರೆ ಅದು ಅಡಗಿಲ್ಲ, ಅರ್ಜಿ ತಿರಸ್ಕೃತ. ಕಾಣದಿದ್ದರೆ ಆಯುಧ ತಂದದ್ದಕ್ಕೇ ಸಾಕ್ಷಿ ಇಲ್ಲ, ಅರ್ಜಿ ಆಗಲೂ ತಿರಸ್ಕೃತ. ಹಿತೇಶ್ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಆ ವಾರ ನಾವೂ ಮಾಡಲಿಲ್ಲ. ಜಲೀಲಾಕ ಪೇಟೆಯ ಕೋಣೆಯಲ್ಲಿ ಸೂಟ್‌ಕೇಸನ್ನು ಮಂಚದ ಅಡಿಯಿಂದ ಎಳೆದು ಧೂಳು ಒರೆಸಿಟ್ಟಿದ್ದರು. ಯಾಕೆ ಎಂದು ಕೇಳಿದರೆ, ಸುಮ್ಮನೆ ಮಾರಾಯ, ಧೂಳಾಗಿತ್ತು ಎಂದರು.

ವಾರದ ಕೊನೆಗೆ ತಿದ್ದುಪಡಿ ಬಂತು: “ಕಾವಲುಗಾರನು ಆಯುಧವು ತನಗೆ ಕಾಣದೇ ಇರುವುದನ್ನು ಕಣ್ಣಾರೆ ಕಂಡು ದೃಢೀಕರಿಸತಕ್ಕದ್ದು.” ಉಸಾಮಾ ತಕ್ಷಣ ಸಹಿ ಹಾಕಿದ. ಅಂಥದ್ದನ್ನು ತಾನು ದಿನವಿಡೀ ಕಾಣುತ್ತಲೇ ಇರುತ್ತೇನೆ ಎಂದ.

ಅನುಮತಿ ಪತ್ರ ಲ್ಯಾಮಿನೇಟ್ ಆಗಿ ಬಂತು. ಕಂಪನಿಯ ಮೊಹರು, ಜಲೀಲಾಕನ ಫೋಟೋ, ಹಿಂಬದಿಯಲ್ಲಿ ಸಣ್ಣ ಅಕ್ಷರದ ಷರತ್ತು. ನಾವು ಒಂದು ಬಾಕ್ಸ್ ಬಂಗುಡೆ ತಂದು, ಒಲೆಗೆ ಬೆಂಕಿ ಹಚ್ಚಿ, ಜಲೀಲಾಕ ಬೆನ್ನಿನ ಗಂಟು ಬಿಚ್ಚಬೇಕು ಎನ್ನುವಷ್ಟರಲ್ಲಿ ಹಿತೇಶ್ ಬಾಗಿಲಲ್ಲಿ ನಿಂತಿದ್ದರು. ಷರತ್ತು ಓದಿದ್ದೀರಾ ಎಂದರು. ಓದಿರಲಿಲ್ಲ. ಈ ಅನುಮತಿ ಅಡಗಿಸಿ ಒಯ್ಯುವುದಕ್ಕೆ ಮಾತ್ರ. ಆಯುಧವನ್ನು ಹೊರತೆಗೆದ ಕ್ಷಣದಲ್ಲೇ ರದ್ದು.

“ಹೊರತೆಗೆಯದೆ ಮೀನು ಕೊಯ್ಯುವುದು ಹೇಗೆ ಸಾರ್?” ಜಲೀಲಾಕ ಕೇಳಿದರು.

“ಮೀನು ಕೊಯ್ಯುವ ಅನುಮತಿ ನೀವು ಕೇಳಲೇ ಇಲ್ಲವಲ್ಲ.”

ಅದು ನಿಜವಾಗಿತ್ತು. ಆ ದಿನ ಮೀನನ್ನು ಕ್ಯಾಂಟೀನಿನ ಫ್ರೀಜರಿಗೆ ಹಾಕಿ ದಾಲ್ ಕುಡಿದೆವು, ಆದರೆ ಯಾರೂ ಸಾಯಲಿಲ್ಲ. ಆಶಿಕ್ ಎರಡನೇ ಸಲ ಹಾಕಿಸಿಕೊಂಡದ್ದನ್ನು ನಾನು ನೋಡಿದೆ.

ಮೆಸ್ ಮುಚ್ಚುವುದು ಎಂದು ಮಾತಾಯಿತು. ನಾನು ಜಲೀಲಾಕನನ್ನು ಹಕೀಮ್ ಸಾಹೇಬರ ಹತ್ತಿರ ಕರೆದುಕೊಂಡು ಹೋದೆ. ಸಾಹೇಬರು ವಿಷಯ ಕೇಳಿ ಮುಖ ಸಣ್ಣ ಮಾಡಿದರು. ಸುಲೈಮಾನಿ ತರಿಸಲು ಹೋಗಿ, ಮಧ್ಯದಲ್ಲಿ ನಿಂತು, ಆ ಕಾರ್ಡನ್ನು ಕೊಡು ಎಂದರು. ಹಿಂದೆ ಮುಂದೆ ಓದಿದರು. ಭಟ್ಕಳದವರು ಮೂರು ತಲೆಮಾರಿನಿಂದ ಈ ಕಡಲ ದಂಡೆಯಲ್ಲಿ ಸುಮ್ಮನೆ ಅಂಗಡಿ ನಡೆಸಿಲ್ಲ. ಕಂಪನಿ ಈ ಅನುಮತಿಯ ವಿಷಯವನ್ನು ಆಡಿಟರಿಗೆ ತಿಳಿಸಿದೆಯೋ ಎಂದು ಕೇಳಿದರು. ಫೋಟೋ ಸಮೇತ ಕಳಿಸಿದೆ ಎಂದೆ.

“ಹಾಗಾದರೆ ಇವನು ಹೋದರೆ ತೊಂದರೆ ನನಗಲ್ಲ,” ಎಂದರು ಸಾಹೇಬರು. “ಹಿತೇಶ್‌ಗೆ.”

ಅವರ ಮಾತು ಸರಿಯಿತ್ತು. ವ್ಯವಸ್ಥೆ ಜಾರಿಯಲ್ಲಿದೆ ಎಂದು ವರದಿ ಕಳಿಸಿದ ಮೇಲೆ ಅದನ್ನು ಪಾಲಿಸುವ ಒಬ್ಬನಾದರೂ ಬೇಕಲ್ಲ. ಆಯುಧ ಅಡಗಿಸಿಕೊಂಡು ಬರುವವರು ಯಾರೂ ಇಲ್ಲದ ಕ್ಯಾಂಪು ಹಿತೇಶರ ಲೆಕ್ಕದಲ್ಲಿ ಅಸುರಕ್ಷಿತ. ಮುಂದಿನ ವಾರವೇ ಕಂಪನಿಗೂ ಹಕೀಮ್ ಸಾಹೇಬರಿಗೂ ಕರಾರಾಯಿತು: ಅಡಗಿಸಿ ಒಯ್ಯುವ ಸೇವೆ, ಒಬ್ಬ ವ್ಯಕ್ತಿ, ವಾರಕ್ಕೊಮ್ಮೆ. ಮೀನನ್ನು ದೊಡ್ಡ ಅಂಗಡಿಯಲ್ಲೇ ಕೊಯ್ಯಿಸಿ ತರಲು ಶುರು ಮಾಡಿದೆವು. ಮೊದಲ ಶುಕ್ರವಾರ ತಟ್ಟೆಗೆ ತಲೆ ಇಲ್ಲದ ತುಂಡುಗಳು ಬಂದವು. ಆಶಿಕ್ ಒಂದು ತುಂಡು ಎತ್ತಿ ತಿರುಗಿಸಿ, ಇದು ಎದುರು ಯಾವುದು ಹಿಂದೆ ಯಾವುದು ಎಂದಷ್ಟೇ ಕೇಳಿದ. ಆಮೇಲೆ ಕೇಳುವುದನ್ನೂ ಬಿಟ್ಟ.

ಜಲೀಲಾಕ ಮೆಟ್ಟುಕತ್ತಿ ಕಟ್ಟಿಕೊಂಡು ಬಂದು, ಉಸಾಮಾನ ಕಣ್ಣಿಗೆ ಕಾಣದೆ, ಅಡುಗೆಮನೆಯಲ್ಲಿ ನಿಂತಿದ್ದು ಸಂಜೆಗೆ ಹೋಗುತ್ತಿದ್ದರು. ಕೂರಲು ಆಗುತ್ತಿರಲಿಲ್ಲ. ಹಲೀಮತ್ ಫೋನಿನಲ್ಲಿ ಎಂತ ಕೆಲಸ ಈಗ ಎಂದು ಕೇಳಿದ್ದಕ್ಕೆ, ಇರುವುದನ್ನು ಇಲ್ಲದ ಹಾಗೆ ಮಾಡಿ ನಿಲ್ಲುವುದು ಎಂದರು. ಅವಳು, ಆಫೀಸಿನ ಕೆಲಸ ಆಯಿತಲ್ಲ ಹಾಗಾದರೆ ಎಂದು ಸಂತೋಷಪಟ್ಟಳು.

ಆದರೆ ಬೆನ್ನು ಯಾರ ಕರಾರನ್ನೂ ಓದುವುದಿಲ್ಲ. ಅವರಿಗೆ ಸೊಂಟ ಹಿಡಿದು ನೋವು ಜೋರಾದ ಒಂದು ಶುಕ್ರವಾರ ಮೆಟ್ಟುಕತ್ತಿಯನ್ನು ಕೋಣೆಯಲ್ಲೇ ಬಿಟ್ಟು ಬರೀ ತೋಬಿನಲ್ಲಿ ಪಿಕಪ್ ಹತ್ತಿದರು. ಅದೇ ದಿನ ಆ ಆಡಿಟರ್ ಹೇಳದೆ ಕೇಳದೆ ಬಂದು ಗೇಟಿನಲ್ಲಿ ನಿಂತಿದ್ದ. ಜಲೀಲಾಕ ಬೆನ್ನಿಗೆ ಕೈ ಹಾಕಿ ನೋಡಿಕೊಂಡರು. ಇಕಾಮಾ ಇನ್ನೂ ಕೈಗೆ ಬಂದಿರಲಿಲ್ಲ, ಸಾಹೇಬರ ಮೇಜಿನ ಮೇಲಿತ್ತು. ನಾನು ಹಿಂದೆ ತಿರುಗಿಸಲೇ ಎಂದೆ. ಬೇಡ, ಇಳಿಯುತ್ತೇನೆ ಎಂದರು.

ಆಡಿಟರ್ ಅವರ ಸುತ್ತ ಒಂದು ಸುತ್ತು ಬಂದ. ಬೆನ್ನು ನೋಡಿದ, ತೋಳು ನೋಡಿದ, ಬಗ್ಗಿ ಕಾಲಿನ ಹತ್ತಿರ ನೋಡಿದ. ಎಲ್ಲೂ ಏನೂ ಇರಲಿಲ್ಲ. ಹಿತೇಶರನ್ನು ಪಕ್ಕಕ್ಕೆ ಕರೆದು ಕೈಕುಲುಕಿದ. ಇಷ್ಟು ದೊಡ್ಡ ಆಯುಧವನ್ನು ಇಷ್ಟು ಚೆನ್ನಾಗಿ ಅಡಗಿಸಿದ್ದನ್ನು ತಾನು ಯಾವ ದೇಶದಲ್ಲೂ ನೋಡಿಲ್ಲ ಎಂದು ವರದಿಯಲ್ಲಿ ಬರೆದ. ಕ್ಯಾಂಪಿಗೆ ಪೂರ್ತಿ ಅಂಕ ಬಂತು. ಜಲೀಲಾಕನ ಕೈಗೆ ಇಕಾಮಾ ಬಂತು. ಹಕೀಮ್ ಸಾಹೇಬರಿಗೆ ಅಬ್ಕೈಕ್ ಊರಿನಲ್ಲಿರುವ ನಮ್ಮದೇ ಕಂಪನಿಯ ಕ್ಯಾಂಪಿನ ಕರಾರೂ ಬಂತು, ಮತ್ತೊಬ್ಬ ಅಡಗಿಸುವವ ಬೇಕು ಎಂದು.

ಆ ಕೆಲಸಕ್ಕೆ ಅರ್ಜಿ ಹಾಕಿದವನು ಆಶಿಕ್. ವೆಲ್ಡಿಂಗಿನ ಬೆಂಕಿಯಲ್ಲಿ ಕಣ್ಣು ಹಾಳು ಮಾಡಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು ಎಂದು ಅವನಿಗೆ ಕಂಡಿತ್ತು. ಹಿತೇಶ್ ಪೆನ್ನು ತೆಗೆದು, ಆಯುಧ ಯಾವುದು ಎಂದು ಕೇಳಿದರು.

“ಎಂತದೂ ಇಲ್ಲ ಸಾರ್.”

ಹಿತೇಶ್ ಕನ್ನಡಕ ಹಾಕಿಕೊಂಡು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒಮ್ಮೆ ತಿರುಗು ಎಂದರು. ಅವನು ತಿರುಗಿದ.

“ಅನುಭವ ಇದೆ,” ಎನ್ನುತ್ತ ಅವರು ಸಹಿ ಹಾಕಿದರು.