ನಿಲ್ಲಿ ಎನ್ನುವವರೆಗೆ ನಡೆದ ಮಂಡಿ

ವೈದ್ಯವಿಜ್ಞಾನದ ಏಳಿಗೆಗಾಗಿ ನನ್ನ ಎರಡೂ ಮಂಡಿಗಳನ್ನು ಒಪ್ಪಿಸಲು ಹೊರಟ ದಿನ ನಾನು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟಿದ್ದೆ.

"ಅವ್ರು ನೋಡೋದು ಮಂಡಿ. ಜುಬ್ಬಾ ಯಾಕೆ?" ಎಂದು ಹೆಂಡತಿ ಜಯಮ್ಮ ಕೇಳಿದಳು.

"ಮಂಡಿ ಯಾರ್ದು ಅಂತ್ಲೂ ನೋಡ್ತಾರೆ ಕಣೆ" ಎಂದೆ.

ಅದು ರೇಷ್ಮೆಯ ಕಾಲ. ಕಬ್ಬಾಳಿನ ಸುತ್ತಮುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಪ್ರತಿ ಮನೆಯಲ್ಲೂ ನಡುಮನೆ ಹುಳುಗಳಿಗೆ, ಜಗುಲಿ ಮನುಷ್ಯರಿಗೆ. ನೆಂಟರು ಬಂದರೆ ಮೊದಲು ಹುಳುಗಳ ಆರೋಗ್ಯ ವಿಚಾರಿಸುತ್ತಿದ್ದರು, ಆಮೇಲೆ ನಮ್ಮದು. ಹುಳುಗಳು ಚೆನ್ನಾಗಿದ್ದರೆ ನಮ್ಮದನ್ನು ಕೇಳುವುದನ್ನೇ ಮರೆಯುತ್ತಿದ್ದರು. ಸೊಪ್ಪು ಹೆಚ್ಚುವುದು, ಕೆಳಗಿನ ತಟ್ಟೆಗಳ ಕಸ ತೆಗೆಯುವುದು, ಎಲ್ಲವೂ ಕುಕ್ಕರಗಾಲಿನಲ್ಲೇ ಆಗಬೇಕು. ಹೀಗೆ ಕೂತೂ ಕೂತೂ ನನ್ನ ಮಂಡಿಗಳು ಏಳುವಾಗಲೊಮ್ಮೆ ಕೂರುವಾಗಲೊಮ್ಮೆ ತಕರಾರು ತೆಗೆಯತೊಡಗಿದ್ದವು.

ನನಗೆ ಇನ್ನೊಂದು ಕಾಯಿಲೆಯೂ ಇತ್ತು. ಅದಕ್ಕೆ ಮದ್ದಿಲ್ಲ. ನಾನು ನಿಂತಲ್ಲೇ ಕನಸು ಕಾಣುವವನು. ಬಲಿತ ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ನೀವು ಕೇಳಿದ್ದೀರಾ? ದೂರದಲ್ಲೆಲ್ಲೋ ಸಣ್ಣ ಮಳೆ ಹಿಡಿದ ಹಾಗೆ ಮನೆಯೆಲ್ಲ ಸರಸರ ಎನ್ನುತ್ತದೆ. ಸೊಪ್ಪು ಹಾಕಿ ಗೋಡೆಗೆ ಒರಗಿದರೆ ಸಾಕು, ಆ ಸದ್ದು ನನ್ನನ್ನು ಮೆಲ್ಲಗೆ ಎತ್ತಿಕೊಂಡು ಹೋಗುತ್ತಿತ್ತು. ಬೆಟ್ಟದ ಬಂಡೆಗಳು ಹತ್ತಿಯಾಗುತ್ತಿದ್ದವು. ನಾನು ಅವುಗಳ ಮೇಲೆ ಒಂದರಿಂದ ಒಂದಕ್ಕೆ ಹಾರುತ್ತಿದ್ದೆ. ಕೈಯಲ್ಲಿದ್ದ ಕಾಫಿ ಆರಿ, ಅದರಲ್ಲಿ ಇರುವೆ ಈಜುವಾಗ ಜಯಮ್ಮ ನನ್ನನ್ನು ಅಲ್ಲಾಡಿಸಿ ಭೂಮಿಗೆ ಇಳಿಸುತ್ತಿದ್ದಳು.

ಇಂಥವನನ್ನೇ ವಿಜ್ಞಾನ ಆರಿಸಿಕೊಂಡಿತು!

ರಾಮನಗರದ ಒಂದು ಆಸ್ಪತ್ರೆಗೆ ಬೆಂಗಳೂರಿನಿಂದ ಮೂಳೆ ಡಾಕ್ಟರರ ತಂಡ ಬಂದಿತ್ತು. ಮಂಡಿನೋವಿಗೆ ಹೊಸದೊಂದು ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಎಂಬ ಸಂಶೋಧನೆ. ತಂಡದಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಮಂಡಿಯನ್ನು ಒತ್ತಿ, ಮಡಿಸಿ, ತಿರುಗಿಸಿ ನೋಡಿದರು.

"ನೋವು ಎಷ್ಟಿದೆ ಯಜಮಾನ್ರೇ? ಹತ್ತಕ್ಕೆ ಎಷ್ಟು ಕೊಡ್ತೀರಿ?"

ನಾನು ಶಾಲೆಯಲ್ಲಿ ಹತ್ತಕ್ಕೆ ಮೂರರ ಆಚೆ ಹೋದವನಲ್ಲ. ಈಗ ಮಾರ್ಕು ಹಾಕುವ ಅಧಿಕಾರ ನನ್ನದೇ! "ಒಂಬತ್ತು ಹಾಕ್ಕೊಳ್ಳಿ" ಎಂದೆ ಉದಾರವಾಗಿ. ಅವರು ಗಾಬರಿಯಾದರು. "ಅಷ್ಟು ನೋವಾ?" ಹೆಚ್ಚು ಮಾರ್ಕು ಎಂದರೆ ಹೆಚ್ಚು ನೋವು ಎಂದು ಆಗ ತಿಳಿಯಿತು. ನಾಚಿಕೊಂಡು ಆರಕ್ಕೆ ಇಳಿದೆ.

ಆಮೇಲೆ ನಡಿಗೆಯ ಪರೀಕ್ಷೆ. ಆಸ್ಪತ್ರೆಯ ಉದ್ದನೆಯ ವರಾಂಡ. ಆ ತುದಿಯಲ್ಲಿ, ಬಾಗಿಲಿನ ಹತ್ತಿರ, ಒಂದು ಮರದ ಕುರ್ಚಿ. ಅದನ್ನು ಸುತ್ತಿಕೊಂಡು ವಾಪಸು ಬರಬೇಕು, ಮತ್ತೆ ಹೋಗಬೇಕು. "ನಾನು ನಿಲ್ಲಿ ಅನ್ನೋವರೆಗೂ ನಡೀತಾನೇ ಇರಿ" ಎಂದರು ಡಾಕ್ಟರಮ್ಮ. ಕುಂಟುತ್ತಾ ಕೆಲವು ಸುತ್ತು ಹಾಕಿದೆ. ನಿಲ್ಲಿ ಎಂದರು, ನಿಂತೆ. ಎಲ್ಲವೂ ಸುಸೂತ್ರ.

ಮನೆಗೆ ಬಂದು ಮಾತ್ರೆಯ ಡಬ್ಬಿಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಜಯಮ್ಮನಿಗೆ ವಿಷಯ ವಿವರಿಸಿದೆ.

"ಅರ್ಧ ಜನುಕ್ಕೆ ಮದ್ದಿರೋ ಮಾತ್ರೆ. ಇನ್ನರ್ಧ ಜನುಕ್ಕೆ ನೋಡಕ್ಕೆ ಹಂಗೇ ಇರೋ, ಆದ್ರೆ ಮದ್ದಿಲ್ದಿರೋ ಮಾತ್ರೆ. ಯಾರ್ದು ಯಾವ್ದು ಅಂತ ಡಾಕ್ಟ್ರಿಗೂ ಗೊತ್ತಿರಾಕಿಲ್ವಂತೆ. ಕೊನೆಗೇ ತಿಳಿಯಾದು."

"ಡಾಕ್ಟ್ರಿಗೇ ಗೊತ್ತಿಲ್ದಿದ್ರೆ ಅಷ್ಟು ದೂರ ಯಾಕೋದ್ರಿ? ಗೊತ್ತಿಲ್ದೋರು ನಮ್ಮೂರಲ್ಲೇ ಬೇಕಾದಷ್ಟು ಜನ ಅವ್ರೆ!"

ವಿಜ್ಞಾನದ ಸೂಕ್ಷ್ಮ ಅವಳಿಗೆ ಎಲ್ಲಿ ಅರ್ಥವಾಗಬೇಕು ಎಂದುಕೊಂಡು ಡಬ್ಬಿಯನ್ನು ಕಿಟಕಿಯಲ್ಲಿಟ್ಟೆ.

ದಿನಗಳು ಕಳೆದಂತೆ ನನ್ನ ಮಂಡಿಗಳಲ್ಲಿ ಒಂದು ಅದ್ಭುತ ಬದಲಾವಣೆ ಕಾಣಿಸಿತು. ನೋವು ಬೆಳಗಿನ ಮಂಜಿನ ಹಾಗೆ ತೆಳುವಾಗುತ್ತಾ ಬಂತು. ಬಾವಿಯಿಂದ ನೀರು ಸೇದಿದೆ, ಏನೂ ಆಗಲಿಲ್ಲ. ಸೊಪ್ಪಿನ ಹೊರೆ ಹೊತ್ತೆ, ಏನೂ ಆಗಲಿಲ್ಲ. ತೋಟದ ಬದುವಿನ ಮೇಲೆ ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳುತ್ತಿದ್ದೆ. ನನ್ನದು ಮದ್ದಿರುವ ಮಾತ್ರೆ ಎಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ಅರಳಿಕಟ್ಟೆಯಲ್ಲಿ ಕೂತು ಮಂಡಿಯ ಒಳಗೆ ಏನೇನಿದೆ ಎಂದು ಊರವರಿಗೆ ಉಪನ್ಯಾಸ ಕೊಡತೊಡಗಿದೆ. ಪಕ್ಕದ ಮನೆಯ ಪುಟ್ಟಸ್ವಾಮಿ ದಿನವೂ ಬಂದು, "ಲೇ, ಒಂದೇ ಒಂದ್ ಮಾತ್ರೆ ಕೊಡ್ಲಾ" ಎಂದು ಗೋಗರೆಯುತ್ತಿದ್ದ.

"ಕೊಡಂಗಿಲ್ಲ ಕಣ್ಲಾ. ದೇಶದ ಲೆಕ್ಕ ಕೆಟ್ಟೋಯ್ತದೆ" ಎನ್ನುತ್ತಿದ್ದೆ ಗಂಭೀರವಾಗಿ.

ಕೊನೆಯ ಪರೀಕ್ಷೆಯ ದಿನ ಬಂತು. ರೇಷ್ಮೆಗೂಡು ಮಾರಲು ಪುಟ್ಟಸ್ವಾಮಿಯೂ ಹೊರಟಿದ್ದರಿಂದ ಅವನು, ನಾನು, ಜಯಮ್ಮ ಮೂವರೂ ಒಂದೇ ಬಸ್ಸಿನಲ್ಲಿ ರಾಮನಗರಕ್ಕೆ ಹೋದೆವು. ಅವನು ಮಾರುಕಟ್ಟೆಗೆ, ನಾವು ಆಸ್ಪತ್ರೆಗೆ. ಜಯಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು.

"ನೋವು ಹತ್ತಕ್ಕೆ ಎಷ್ಟು?" ಎಂದರು ಡಾಕ್ಟರಮ್ಮ.

"ಸೊನ್ನೆ!" ಎಂದೆ. ಸೊನ್ನೆ ತೆಗೆದುಕೊಂಡು ಅಷ್ಟು ಹೆಮ್ಮೆಪಟ್ಟವನು ಇನ್ನೊಬ್ಬನಿರಲಾರ.

"ಭೇಷ್. ಹಾಗಾದ್ರೆ ಶುರು ಮಾಡಿ. ನಾನು ನಿಲ್ಲಿ ಅನ್ನೋವರೆಗೂ ನಡೀತಾನೇ ಇರಿ."

ಹೊರಟೆ. ಅಷ್ಟರಲ್ಲಿ ಯಾರೋ ಮರದಿಂದ ಬಿದ್ದು ಕೈ ಮುರಿದುಕೊಂಡವನನ್ನು ಹೊತ್ತು ತಂದರು. ಡಾಕ್ಟರಮ್ಮ ಅತ್ತ ಓಡಿದರು. ನಾನು ನಡೆದೆ. ಕಿಟಕಿಗಳಿಂದ ಬಿಸಿಲು ವರಾಂಡದ ಉದ್ದಕ್ಕೂ ಚೌಕ ಚೌಕವಾಗಿ ಬಿದ್ದಿತ್ತು. ಬೆಳಕು, ನೆರಳು, ಬೆಳಕು, ನೆರಳು. ಹೊರಗಿನ ಮರದ ಎಲೆಗಳು ಗಾಳಿಗೆ ಸರಸರ ಎಂದವು. ಅಷ್ಟೇ ಸಾಕಾಯಿತು. ನನ್ನ ಮನಸ್ಸು ಹಾರಿಹೋಯಿತು.

ಮಂಡಿಗಳು ಮಾತ್ರ ಆಜ್ಞೆ ಪಾಲಿಸುತ್ತಾ ಮುಂದೆ ಹೋದವು. ಆ ತುದಿಯಲ್ಲಿದ್ದ ಕುರ್ಚಿಯನ್ನು ಯಾರೋ ಮುದುಕಿಯನ್ನು ಕೂರಿಸಲು ಎತ್ತಿಕೊಂಡು ಹೋಗಿದ್ದರು. ಸುತ್ತಲು ಕುರ್ಚಿಯಿಲ್ಲ! ಕುರ್ಚಿ ಸಿಗುವವರೆಗೆ ತಿರುಗುವ ಹಾಗಿಲ್ಲ, ನಿಲ್ಲಿ ಎನ್ನುವವರೆಗೆ ನಿಲ್ಲುವ ಹಾಗೂ ಇಲ್ಲ. ಬಾಗಿಲು ದಾಟಿದೆ. ಮೆಟ್ಟಿಲು ಇಳಿದೆ. ಗೇಟು ತೆರೆದೇ ಇತ್ತು.

ಮೈಸೂರು ರಸ್ತೆಯ ಮೇಲೆ ನಾನು ತೇಲಿದೆ. ದೂರದ ಬಂಡೆಬೆಟ್ಟಗಳು ಮಲಗಿದ ಆನೆಗಳ ಹಾಗೆ ಉಸಿರಾಡುತ್ತಿದ್ದವು. ಗೂಡಿನ ಮಾರುಕಟ್ಟೆಯ ಬಾಗಿಲೂ ತೆರೆದಿತ್ತು, ಕಾಲುಗಳು ರೂಢಿಯಂತೆ ಒಳಗೆ ನುಗ್ಗಿದವು. ಎಡಬಲಕ್ಕೂ ಗೂಡಿನ ರಾಶಿ. ಬೆಳದಿಂಗಳನ್ನು ಮೂಟೆಗಟ್ಟಿ ತಂದು ಸುರಿದಂತೆ ಬೆಳ್ಳಗೆ, ಹಗುರಾಗಿ. ನಾನು ಅವುಗಳ ನಡುವೆ ಹೋಗುತ್ತಿದ್ದೇನೆ, ನನಗೂ ತೂಕವಿಲ್ಲ.

"ಲೇ! ನಿಂತ್ಕೊಳ್ಲಾ! ನನ್ ಗೂಡು ನೋಡ್ಲಾ!" ಪುಟ್ಟಸ್ವಾಮಿಯ ದನಿ.

"ನಿಲ್ಲಂಗಿಲ್ಲ ಕಣ್ಲಾ. ಸಂಶೋಧನೆ ನಡೀತಾ ಐತೆ" ಎಂದೆ ನಡೆಯುತ್ತಲೇ.

ಅವನು ಪಕ್ಕದಲ್ಲೇ ಓಡೋಡಿ ಬಂದ. "ಯಾವಾಗ್ಲಾ ನಿಲ್ಲಾದು?"

"ಡಾಕ್ಟ್ರಮ್ಮ ನಿಲ್ಲಿ ಅಂದಾಗ."

"ಡಾಕ್ಟ್ರಮ್ಮ ಎಲ್ಲವ್ರೆ?"

"ಆಸ್ಪತ್ರೇಲಿ."

"ಅಲ್ಲಿಂದ ಅವ್ರು ನಿಲ್ಲಿ ಅಂದ್ರೆ ನಿಂಗ್ ಹೆಂಗ್ಲಾ ಕೇಳಿಸ್ತದೆ?"

ಈ ಅಂಶ ನನಗೆ ಹೊಳೆದಿರಲಿಲ್ಲ. ಆದರೆ ಪ್ರಯೋಗದ ನಡುವೆ ನಿಯಮ ಬದಲಿಸಲು ನಾನು ಯಾರು? ನಡೆದೆ. ಗೂಡು ಕೊಳ್ಳಲು ಬಂದಿದ್ದವರೊಬ್ಬರು, "ಕಬ್ಬಾಳಮ್ಮನ ಹರಕೆ ಇರ್ಬೇಕು, ದಾರಿ ಬಿಡ್ರಪ್ಪ" ಎಂದು ಜನರನ್ನು ಸರಿಸಿ ಕೈಮುಗಿದರು. ನಾನೂ ಆಶೀರ್ವಾದ ಮಾಡಿದೆ! ಇನ್ನೊಂದು ಬಾಗಿಲಿಂದ ಹೊರಗೆ ಬಂದು ಚನ್ನಪಟ್ಟಣದ ಕಡೆಗೆ ತಿರುಗಿದೆ.

ಊರು ಮುಗಿದು ಸಾಲುಮರಗಳ ನೆರಳು ಶುರುವಾದ ಕಡೆ ನನ್ನ ಕನಸಿಗೆ ಏನೋ ಚುಚ್ಚಿತು. ಎಡಮಂಡಿ. ಬೆನ್ನಿಗೇ ಬಲಮಂಡಿ. ಸೊನ್ನೆಯಿದ್ದದ್ದು ಮೂರಾಯಿತು, ಆರಾಯಿತು, ಒಂಬತ್ತಕ್ಕೆ ಹೋಯಿತು. ಹತ್ತಿಯ ಬಂಡೆಗಳು ಗಟ್ಟಿಯಾದವು. ಕಣ್ಣು ಬಿಟ್ಟು ನೋಡುತ್ತೇನೆ, ಆಸ್ಪತ್ರೆಯೂ ಇಲ್ಲ, ವರಾಂಡವೂ ಇಲ್ಲ. ನಾನೊಬ್ಬನೇ ಹೆದ್ದಾರಿಯಲ್ಲಿದ್ದೇನೆ. ಆಗಲೂ ನಿಲ್ಲಲು ಧೈರ್ಯ ಬರಲಿಲ್ಲ. ಕುಂಟುತ್ತಲೇ ಮುಂದುವರಿದೆ.

"ನಿಂತ್ಕೊಳ್ರೀ!"

ತಿರುಗಿದೆ. ಜಯಮ್ಮ! ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಬಾಣದ ಹಾಗೆ ಓಡಿ ಬರುತ್ತಿದ್ದಾಳೆ. ನಾನು ಗೇಟು ದಾಟಿದ್ದನ್ನು ಬೆಂಚಿನಿಂದ ನೋಡಿ, ಕೂಗಿ, ಕೇಳದಾಗ ಡಾಕ್ಟರಮ್ಮನಿಗೆ ಸುದ್ದಿ ಮುಟ್ಟಿಸಿ, ಮಾರುಕಟ್ಟೆಯಲ್ಲಿ ಪುಟ್ಟಸ್ವಾಮಿಯನ್ನು ದಾರಿ ಕೇಳಿಕೊಂಡು ಬಂದಿದ್ದಳು. ಜುಬ್ಬಾದ ತುದಿ ಹಿಡಿದು ಎಳೆದಳು. ನಾನು ರಸ್ತೆಯ ಬದಿ ಮರದ ಬುಡದಲ್ಲಿ ಕುಸಿದೆ. ಹಿಂದೆಯೇ ಒಂದು ಜಟಕಾ ಬಂತು. ಬಿಳಿ ಕೋಟು ಹಾರಿಸಿಕೊಂಡು ಡಾಕ್ಟರಮ್ಮ ಇಳಿದರು.

"ನಿಲ್ಲಿ!" ಎಂದರು.

ಆಗಲೇ ಕೂತಿದ್ದೆ.

ಆದರೆ ಡಾಕ್ಟರಮ್ಮ ನೋಡುತ್ತಿದ್ದದ್ದು ನನ್ನನ್ನಲ್ಲ. "ಜಟಕಾಕ್ಕಿಂತ ಮುಂಚೆ ಬಂದ್ರಲ್ಲಮ್ಮ! ನಿಮಗೆ ಮಂಡಿನೋವು ಇಲ್ವಾ?"

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಇತ್ತು ಕಣವ್ವ. ಇವರಿಗಿಂತ ಜಾಸ್ತಿನೇ ಇತ್ತು. ಅವ್ರ ಜೊತೆ ನಾನೂ ಕುಕ್ಕರಗಾಲಲ್ಲೇ ಅಲ್ವಾ ಕೂರಾದು? ಆ ಮಾತ್ರೆ ತಿಂದ್ಮೇಲೆ ಒಸಿ ಹಗುರ ಆಯ್ತು."

"ಯಾವ ಮಾತ್ರೆ?"

"ನೀವು ಇವ್ರಿಗೆ ಕೊಟ್ಟಿದ್ದೇ. ಇವ್ರು ದಿನಾ ಬೆಳಿಗ್ಗೆ ಮಾತ್ರೆ ಕಿಟಕೀಲಿಕ್ಕಿ, ನೀರು ಕುಡುದು, ಹುಳದ ಸದ್ದು ಕೇಳ್ತಾ ಕೂತ್ಬುಡೋರು. ಮಾತ್ರೆ ಅಲ್ಲೇ ಇರದು. ಅಷ್ಟು ಒಳ್ಳೆ ಮದ್ದು ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ನಾನೇ ನುಂಗ್ಬುಟ್ಟೆ."

ಮರದ ಮೇಲೊಂದು ಹಕ್ಕಿ ಕೂಗುತ್ತಿತ್ತು. ಡಾಕ್ಟರಮ್ಮ ರಸ್ತೆಯ ಬದಿಯ ಕಲ್ಲಿನ ಮೇಲೆ ಮೆಲ್ಲಗೆ ಕೂತರು. "ಯಜಮಾನ್ರೇ, ನೀವು ಒಂದು ಮಾತ್ರೆಯನ್ನೂ ತಗೊಂಡಿಲ್ವಾ?"

ನಾನು ನೆನಪಿಸಿಕೊಳ್ಳಲು ಯತ್ನಿಸಿದೆ. ಅಂಗೈಯಲ್ಲಿ ಮಾತ್ರೆ ಇತ್ತು, ನೀರಿನ ತಂಪು ಇತ್ತು. ನುಂಗಿದ್ದು ಮಾತ್ರ ಎಲ್ಲೂ ಸಿಗಲಿಲ್ಲ. ಬರೀ ನೀರು ಕುಡಿದು ಗುಣವಾಗಿದ್ದೆ!

ಜಟಕಾದಲ್ಲಿ ವಾಪಸು ಬರುವಾಗ ಡಾಕ್ಟರಮ್ಮ ಜಯಮ್ಮನನ್ನು ಚೆನ್ನಾಗಿ ಬೈದರು. ಇನ್ನೊಬ್ಬರ ಔಷಧ ತಿನ್ನಬಾರದು, ಜೀವಕ್ಕೆ ಅಪಾಯವಾದೀತು ಎಂದರು. ಆಸ್ಪತ್ರೆ ತಲುಪಿದ ಮೇಲೆ ಅವಳ ಮಂಡಿಯನ್ನೂ ಪರೀಕ್ಷಿಸಿ, ಎಕ್ಸ್‌ರೇ ತೆಗೆಸಿ, ಸರಿಯಾದ ಚಿಕಿತ್ಸೆ ಬರೆದುಕೊಟ್ಟರು. "ನೋವಿದೆ ಅಂತ ನೀವ್ಯಾಕಮ್ಮ ಮೊದಲೇ ಹೇಳಲಿಲ್ಲ?" ಎಂದು ಕೇಳಿದರು. "ಯಾರೂ ಕೇಳ್ಲಿಲ್ಲ" ಎಂದಳು ಜಯಮ್ಮ. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಕನಸು ಕಾಣಲು ಅದು ಒಳ್ಳೆಯ ಸಮಯವಾಗಿತ್ತು. ಬರಲಿಲ್ಲ.

ಸಂಶೋಧನೆ ಮುಗಿದ ಮೇಲೆ ಭಾಗವಹಿಸಿದ ಎಲ್ಲರನ್ನೂ ಕರೆದು ಸಭೆ ಮಾಡಿದರು. ಸಭೆಗೆ ಮುಂಚೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು, ನಮ್ಮ ಡಬ್ಬಿಯಲ್ಲಿದ್ದದ್ದು ಮದ್ದಿಲ್ಲದ ಮಾತ್ರೆ ಎಂದು ತಿಳಿಸಿದರು.

"ಹಂಗಾದ್ರೆ ನಾನು ಓಡಿದ್ದು ಯಾತರ ಬಲದಲ್ಲಿ?" ಎಂದಳು ಜಯಮ್ಮ.

"ಅದು ನನಗೂ ಗೊತ್ತಿಲ್ಲಮ್ಮ" ಎಂದರು ಡಾಕ್ಟರಮ್ಮ.

"ಕ್ವಾಪ ಕಣವ್ವ, ಕ್ವಾಪ" ಎಂದು ಜಯಮ್ಮನೇ ಉತ್ತರ ಕೊಟ್ಟು ನನ್ನ ಕಡೆ ನೋಡಿದಳು.

ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತೆ. ಡಾಕ್ಟರಮ್ಮ ಎಲ್ಲರಿಗೂ ವಂದಿಸಿ, "ಒಬ್ಬರನ್ನು ಬಿಟ್ಟು ಉಳಿದ ಎಲ್ಲರ ಫಲಿತಾಂಶವನ್ನೂ ಲೆಕ್ಕಕ್ಕೆ ತಗೊಂಡಿದ್ದೀವಿ" ಎಂದರು.

ಪಕ್ಕದಲ್ಲಿದ್ದ ಮಾಗಡಿ ಕಡೆಯ ಹಿರಿಯರೊಬ್ಬರು ನನ್ನ ಕಿವಿಯಲ್ಲಿ, "ಪಾಪ, ತೀರ್ಕೊಂಬುಟ್ಟನೇನೋ" ಎಂದರು.

"ಇರ್ಬೋದು" ಎಂದೆ ದುಃಖದಿಂದ.

"ಅವರೂ ಇಲ್ಲೇ ಇದ್ದಾರೆ" ಎಂದು ಡಾಕ್ಟರಮ್ಮ ನಗುತ್ತಾ ನನ್ನತ್ತ ಕೈ ತೋರಿಸಿದರು. "ನಮ್ಮ ಮಾತು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರೆ ಯಾರೂ ಇಲ್ಲ. ಒಂದು ಚಪ್ಪಾಳೆ ಹೊಡೀರಿ!"

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನ್ನ ಜೀವಮಾನದಲ್ಲಿ ನನಗೆ ಬಿದ್ದ ಚಪ್ಪಾಳೆ ಅದೊಂದೇ. ಎದ್ದು ನಿಂತು, ಎದೆಯುಬ್ಬಿಸಿ, ಕೈಮುಗಿದೆ. ಚಪ್ಪಾಳೆ ನಿಂತು ಎಲ್ಲವೂ ನಿಶ್ಶಬ್ದವಾದ ಆ ಗಳಿಗೆ ನೋಡಿಕೊಂಡು ನನ್ನ ಎಡಮಂಡಿ 'ಟಕ್' ಎಂದಿತು.

ಹಿಂದಿನ ಸಾಲಿನವರೆಗೂ ಕೇಳಿಸಿತಂತೆ.