ಸ್ಪೇನಿನ ದೊರೆಗೆ ಬುಗುರಿ ಮಾರಿದ್ದು

ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ಇಟ್ಟವನಿಗೆ ಗಿರಾಕಿಗಳಿಂದ ತೊಂದರೆಯಿಲ್ಲ. ತೊಂದರೆಯೆಲ್ಲ ಅವರ ಜೊತೆ ಬರುವ ದುಭಾಷಿಗಳಿಂದ. ಇಂಥವರು ವರ್ಷಕ್ಕೊಬ್ಬರಾದರೂ ರೈಲಿಳಿದು ಬರುತ್ತಾರೆ.

೧. ಸೂರು ನೋಡಿದ್ದು

ಆ ಸಲ ಬಂದವರು ಸ್ಪೇನ್ ದೇಶದ ವ್ಯಾಪಾರಿ; ಬಿಳಿಯರೆಲ್ಲ ನಮಗೆ ದೊರೆಗಳೇ. ಅವರಿಗೆ ಇಂಗ್ಲಿಷೂ ಅಷ್ಟಕ್ಕಷ್ಟೆ. ಬೆಂಗಳೂರಿನ ದುಭಾಷಿ ನನ್ನ ಬುಗುರಿ ಎತ್ತಿ ಹಿಡಿದು ಗತ್ತಿನಿಂದ ‘ಟಾಪ್’ ಅಂದರು. ದೊರೆ ತಮ್ಮ ಅರ್ಥಕೋಶ ತೆಗೆದರು. ಆ ಒಂದು ಇಂಗ್ಲಿಷ್ ಮಾತಿಗೆ ಅವರ ಭಾಷೆಯಲ್ಲಿ ಅರ್ಧ ಪುಟ ಅರ್ಥ. ಒಂದು ಓದಿ ಸೂರು ನೋಡಿದರು, ಇನ್ನೊಂದು ಓದಿ ನನ್ನ ಪೆಟ್ಟಿಗೆಯ ಮುಚ್ಚಳ ನೋಡಿದರು.

“ದೊರೆಗಳಿಗೆ ಅರ್ಥವಾಗ್ತಿದೆ, ಸುಮ್ಮನಿರಿ ಶೆಟ್ಟರೇ” ಅಂದರು ದುಭಾಷಿ.

“ಸೂರು ಮಾರೋಕಿಲ್ಲ ಅಂತ ಹೇಳ್ಬುಡಿ ಸ್ವಾಮಿ” ಅಂದೆ.

೨. ದುಭಾಷಿಯ ಮುನಿಸು

ನಾನೇ ಚಾಟಿ ಸುತ್ತಿ ಬುಗುರಿ ಬಿಟ್ಟೆ. ದೊರೆ ತಮ್ಮ ಭಾಷೆಯಲ್ಲಿ ಬುಗುರಿಯ ಹೆಸರು ಹಿಡಿದು ‘ತ್ರೊಂಪೊ’ ಎಂದು ಕೂಗಿ ಚಾಪೆಯ ಮೇಲೆ ಕೂತೇಬಿಟ್ಟರು. ದುಭಾಷಿಗೆ ಅವಮಾನವಾಯಿತು. ತಾನು ಬಾಯಿ ಬಿಡದಿದ್ದರೆ ವ್ಯಾಪಾರವೇ ಇಲ್ಲ, ದೊರೆಯನ್ನು ಮುಂದಿನ ರೈಲಿಗೇ ಹತ್ತಿಸುತ್ತೇನೆ ಎಂದು ಗದರಿಸಿದರು. ಹಿತ್ತಲಲ್ಲಿ ನಮ್ಮ ಸಾಬರು ಕಡೆದು ಅರಗಿನ ಬಣ್ಣ ಹಾಕಿದ ಬುಗುರಿ ರಾಶಿ ಬಿದ್ದಿತ್ತು. ಈ ದೊರೆ ಹೋದರೆ ಅಷ್ಟನ್ನೂ ಕೊಳ್ಳುವವರಿರಲಿಲ್ಲ. ಆದರೂ ಕೈ ಮುಗಿಯುವ ಜಾಯಮಾನ ನನ್ನದಲ್ಲ.

“ಬಾಗ್ಲು ತೆಗೆದೇ ಐತೆ, ಹೊರಡಿ. ದೊರೆ ಏಳ್ತಾರಾ, ಕೇಳ್ಕಳಿ” ಅಂದೆ.

ದೊರೆ ಆಗ ಮೊಣಕಾಲೂರಿ ಚಾಟಿ ಸುತ್ತುತ್ತಿದ್ದರು. ದುಭಾಷಿ ಕರೆದರೆ ತಲೆ ಕೂಡ ಎತ್ತಲಿಲ್ಲ.

೩. ವಲ್ಲಿಯ ಕೆಳಗೆ

ಕನಕಪುರದ ಸಂತೆಯಲ್ಲಿ ಎತ್ತಿನ ಬೆಲೆ ಬಾಯಲ್ಲಿ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ಪಕ್ಕದವನಿಗೂ ಗೊತ್ತಾಗಬಾರದು. ಅದನ್ನೇ ನೆನೆದು ನಾನು ಹಿತ್ತಲಿನ ಬುಗುರಿಯನ್ನೆಲ್ಲ ಮೂಟೆ ಕಟ್ಟಿ ಅಂಗಡಿಗೆ ತಂದಿಟ್ಟೆ, ಬೆರಳಿನ ಲೆಕ್ಕ ರೂಪಾಯಿಯದು ಎಂದು ತಿಳಿಯಲಿ ಅಂತ ಅದರ ಮೇಲೊಂದು ಬೆಳ್ಳಿ ರೂಪಾಯಿ ಇಟ್ಟು, ದೊರೆಯ ಕೈ ಮೇಲೆ ವಲ್ಲಿ ಹಾಕಿ ಬೆರಳು ಹಿಡಿದೆ. ಮೊದಲು ಬೆಚ್ಚಿದರು. ರೂಪಾಯಿ ನೋಡಿದರು, ಬೆರಳೊಂದನ್ನು ಬಿಡಿಸಿಕೊಂಡರು. ನಾನು ಮತ್ತೆ ಹಿಡಿದೆ. ಒಸಿ ಹೊತ್ತು ಎಳೆದಾಡಿ, ಕೊನೆಗೆ ಗಟ್ಟಿಯಾಗಿ ಕೈ ಕುಲುಕಿದರು. ಅಷ್ಟೂ ಮೂಟೆ ಅವರದಾಯಿತು.

ದುಭಾಷಿ ಬೆಲೆ ಎಷ್ಟಾಯಿತೆಂದು ದೊರೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ದೊರೆ ಬಾಯಿ ಬಿಡದೆ, ನನ್ನ ವಲ್ಲಿಯನ್ನೇ ಎಳೆದುಕೊಂಡು ದುಭಾಷಿಯ ಕೈ ಮೇಲೆ ಹೊದಿಸಿ ಬೆರಳು ಹಿಡಿದರು. ದುಭಾಷಿ ಕಣ್ಣು ಕಣ್ಣು ಬಿಟ್ಟರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

“ಶೆಟ್ಟರೇ, ದೊರೆಗಳು ಏನು ಹೇಳ್ತಾ ಇದ್ದಾರೆ?”