‘ಕುಂಯ್’ ಕಡಿಯಬಾರದು

ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಳ್ಳಾರಿ ಗಾಂಧಿನಗರಕ್ಕೆ ಬಂದು, ನನ್ನೆದುರು ನಿಂತು ‘ಸುಳ್ಳು’ ಅನ್ನಿ, ನೋಡೋಣ! ನಮ್ಮೂರು ರಾರಾವಿಯಲ್ಲಿ ನನ್ನಷ್ಟು ಚುರುಕಿನ ಹುಡುಗ ಇನ್ನೂ ಹುಟ್ಟಿಲ್ಲ. ಆದರೂ ಇಲ್ಲಿನ ವಾಕಿಟಾಕಿ ರಿಪೇರಿ ಅಂಗಡಿ ಸೇರಿದ್ದೇ ತಡ, ಫಜೀತಿಗಳು ನನ್ನ ವಿಳಾಸ ಕೇಳಿಕೊಂಡು ಬರತೊಡಗಿದವು.

ಅಂಗಡಿಯಲ್ಲಿ ಸಿಗ್ನಲ್ ಜನರೇಟರ್ ಅಂತ ಒಂದು ಯಂತ್ರ. ಅದರ ಸಿಗ್ನಲ್ ಸಿಕ್ಕರೆ ವಾಕಿಟಾಕಿ ‘ಕುಂಯ್’ ಅನ್ನುತ್ತದೆ. ಸಿಗ್ನಲನ್ನು ಸಣ್ಣಗೆ ಮಾಡುತ್ತಾ ಹೋಗಿ, ಸೆಟ್ಟಿನ ಕಿವಿ ಎಷ್ಟು ಚುರುಕು ಅಂತ ನೋಡಬೇಕು. ಮಾಲೀಕರು ಮೊದಲೇ ಹೇಳಿದ್ದರು: “ಗಿರಾಕಿ ಮುಂದ ಒಂದ್ಸಲ ಕುಂಯ್ ಕಡೀಲಾರದಂಗ ಟೆಸ್ಟ್ ಮಾಡಿ, ಸೆಟ್ ಒಪ್ಪಿಸು. ಕೆಲಸ ಕಾಯಂ. ಇಲ್ಲಾಂದ್ರ ಊರಿನ ಬಸ್ ಹತ್ತು.”

ಮೋಟರ್ ರೂಢಿ

ಹೊಲದಲ್ಲಿ ಮೋಟರ್ ಬಂದ್ ಮಾಡದೆ ಪೈಪು ಬದಲಿಸಿದರೆ ಅಪ್ಪ ಬೆನ್ನಿಗೆ ಎರಡು ಬಿಡುತ್ತಿದ್ದ. ನನ್ನ ಕೈಗೆ ಅದೇ ರೂಢಿ. ಯಂತ್ರದ ಸೆಟ್ಟಿಂಗ್ ಬದಲಿಸುವಾಗೆಲ್ಲ ಔಟ್‌ಪುಟ್ ಬಂದ್, ಆಮೇಲೆ ಚಾಲೂ. ಕುಂಯ್... ಗಪ್‌ಚುಪ್... ಕುಂಯ್... ಗಪ್‌ಚುಪ್.

ಸಿರುಗುಪ್ಪದ ರೈಸ್‌ಮಿಲ್ ಮೇಸ್ತ್ರಿ ಗಾಬರಿಯಾದ. “ಏನ್ ತಮ್ಮಾ, ನನ್ ಸೆಟ್ಟಿಗೆ ಬಿಕ್ಕಳಿಕಿ ಹತ್ತೈತೇನು? ನೀರರ ಕುಡ್ಸು!”

ಒಂದೇ ಕಡೆ ಸಾವು

ಬಂದ್ ಮಾಡುವುದು ಬಿಟ್ಟೆ. ಆದರೂ ಸಿಗ್ನಲ್ ಇಳಿಸುತ್ತಾ ಒಂದು ಕಡೆ ಬಂದಾಗ ಕುಂಯ್ ಕಡಿಯುತ್ತಿತ್ತು. ಸೆಟ್ ಬಿಚ್ಚಿದೆ, ಒರೆಸಿದೆ, ಬೆಸುಗೆ ಹಾಕಿದೆ. ಬೇರೆ ಸೆಟ್ ಇಟ್ಟೆ. ಅದೂ ಅಲ್ಲೇ ಕಡಿಯಿತು. ಇನ್ನೊಂದು, ಅದೂ ಅಷ್ಟೇ. “ಎಲ್ಲಾ ಸೆಟ್ ಕೆಟ್ಟಾವ್ರಿ!” ಅಂತ ಎದೆ ತಟ್ಟಿ ಹೇಳಿದೆ.

ಮಾಲೀಕರು ಕನ್ನಡಕದ ಮೇಲಿಂದ ನೋಡಿದರು. “ಎಲ್ಲಾ ಒಂದ ಕಡಿ ಸಾಯ್ತಾವಂದ್ರ, ಸಾಯ್ಸಾಂವ ಯಾರಲೇ?”

ಹಲ್ಲಿಯ ಸಾಕ್ಷಿ

ಸಾಯಿಸುತ್ತಿದ್ದದ್ದು ಯಂತ್ರವೇ. ಸಿಗ್ನಲ್ ಇಳಿಸುವಾಗ ಒಳಗಿನ ಸ್ವಿಚ್ಚು ಲಾರಿ ಗೇರ್ ಬದಲಿಸಿದಂತೆ ‘ಟಕ್’ ಅಂತ ಬದಲಾಗುತ್ತಿತ್ತು. ಆ ಕ್ಷಣ ಸಿಗ್ನಲ್ ಮಾಯ. ಮೆನು ಎಲ್ಲಾ ತಡಕಿ, ಆ ಸ್ವಿಚ್ಚನ್ನು ಒಂದೇ ಕಡೆ ಹಿಡಿದಿಡುವ ಸೆಟ್ಟಿಂಗ್ ಹುಡುಕಿದೆ. ನಾನೇ!

ಕುರುಗೋಡಿನ ಕಲ್ಲು ಕ್ವಾರಿ ಅಜ್ಜ ತನ್ನ ಸೆಟ್ ಒಯ್ಯಲು ಬಂದ. ನಾನು ಸ್ವಿಚ್ಚು ಹಿಡಿದಿಡುವ ಮೊದಲು ಯಂತ್ರ ಒಮ್ಮೆ ‘ಟಕ್’ ಅಂದಿತು. ಅಜ್ಜ ಕೂಡಲೇ ಬೆರಳಲ್ಲಿ ಮೇಜು ಕುಟ್ಟಿದ: “ಹಲ್ಲಿ ನುಡೀತು. ಸತ್ಯ, ಸತ್ಯ!”

ಸಿಗ್ನಲ್ ಇಳಿಸಿದೆ. ಕುಂಯ್ ನೂಲಿನಂತೆ ಸಣ್ಣಗಾಯಿತು, ಎಲ್ಲೂ ಕಡಿಯಲಿಲ್ಲ. “ಸೆಟ್ ಭೇಷ್ ಐತಿ, ಅಜ್ಜಾರ!”

ಅಜ್ಜ ಗೋಡೆ ನೋಡುತ್ತಾ ಕೂತ. “ಮತ್ತ ಹಲ್ಲಿ ಯಾಕ ನುಡೀವಲ್ದು? ನೀ ಸುಳ್ಳು ಹೇಳ್ತಿ. ನಾ ಒಯ್ಯಂಗಿಲ್ಲ.”

ಮಾಲೀಕರ ಮುಖ ಕಪ್ಪಿಟ್ಟಿತು. ನನ್ನ ಕಣ್ಣೆದುರು ಊರಿನ ಬಸ್ಸು. ಕುಂಯ್ ಕಡಿಯುವುದು ಕೇಳದಿರಲಿ ಅಂತ ಮೆಲ್ಲಗೆ ಸೆಟ್ಟಿನ ವಯರ್ ಬಿಚ್ಚಿದೆ, ಸ್ವಿಚ್ಚಿನ ಹಿಡಿತ ಬಿಟ್ಟೆ. “ಸೆಟ್ ಭೇಷ್ ಐತಿ ಅಜ್ಜಾರ” ಅನ್ನುತ್ತಲೇ ಸಿಗ್ನಲ್ ತಿರುವಿದೆ.

ಟಕ್!

“ಸತ್ಯ!” ಅಂದ ಅಜ್ಜ ಸೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇಬಿಟ್ಟ. ಮಾಲೀಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನಗೆ ಕಾಯಂ ಕೆಲಸ ಕೊಟ್ಟರು.